ಮೈಕ್ ಆಫ್ ಆದಮೇಲೂ ಕಿವಿಯಲ್ಲಿ ಜೀರುಂಡೆ

ಪ್ರಶ್ನೆ: ನನಗೆ 31 ವರ್ಷ. ಮೈಸೂರಿನ ಎಫ್‌ಎಂ ಸ್ಟೇಷನ್ ಒಂದರಲ್ಲಿ ಎಂಟು ವರ್ಷದಿಂದ ಆರ್‌ಜೆ. ಸೋಮವಾರದಿಂದ ಶನಿವಾರ ಬೆಳಿಗ್ಗೆ 7ರಿಂದ 11ರವರೆಗೆ ಲೈವ್ ಶೋ. ಇದಲ್ಲದೆ ಹೊಸ ಕನ್ನಡ ಬ್ಯಾಂಡ್‌ಗಳು, ರ‍್ಯಾಪ್ ಹುಡುಗರು, ಮನೆಯಲ್ಲೇ ಹಾಡು ಮಾಡುವವರನ್ನು ಹುಡುಕಿ ವಾರಕ್ಕೊಂದು ಕಾರ್ಯಕ್ರಮ ಮಾಡುತ್ತೇನೆ. ಅದರ ಎಡಿಟಿಂಗ್ ರಾತ್ರಿ ಮನೆಯಲ್ಲಿ, ಇಯರ್‌ಫೋನ್ ಹಾಕಿಕೊಂಡು. ಸ್ಟುಡಿಯೋದಲ್ಲಿ ಹೆಡ್‌ಫೋನ್ ಎಡಗಿವಿಗೆ ಮಾತ್ರ, ಬಲಗಿವಿ ಎದುರು ಕೂತವರಿಗೆ. ಕಳೆದ ದಸರಾ ಸಮಯದಲ್ಲಿ ಒಂದು ಸಂಗೀತ ರಾತ್ರಿಗೆ ಹೋಗಿ ಸ್ಪೀಕರ್ ಪಕ್ಕದಲ್ಲೇ ಮೂರು ಗಂಟೆ ನಿಂತಿದ್ದೆ. ಮೂರು ದಿನ ಎಡಗಿವಿ ಗುಂಯ್ ಅಂದಿತು. ಆಮೇಲೆ ಕಡಿಮೆಯಾಯಿತು, ಆದರೆ ಪೂರ್ತಿ ಹೋಗಿಲ್ಲ. ಐದು ತಿಂಗಳಾಯಿತು, ರಾತ್ರಿ ದಿಂಬಿಗೆ ತಲೆ ಕೊಟ್ಟರೆ ಜೀರುಂಡೆ ಕೂಗಿದ ಹಾಗೆ ಸದ್ದು. ಕ್ಯಾಂಟೀನ್ ಗಲಾಟೆಯಲ್ಲಿ ಎದುರಿನವರ ಮಾತು ತಪ್ಪುತ್ತದೆ. ಶುಕ್ರವಾರದ ಹೊತ್ತಿಗೆ ಗಂಟಲೂ ಕಟ್ಟಿರುತ್ತದೆ. ಅತ್ತೆ ಬೆಳ್ಳುಳ್ಳಿ ಎಣ್ಣೆ ಬಿಡು ಅನ್ನುತ್ತಾರೆ, ಸ್ನೇಹಿತನೊಬ್ಬ ಬ್ಲೂಟೂತ್ ಕಾರಣ ಅನ್ನುತ್ತಾನೆ, ಅಮ್ಮ ಕೆಲಸವನ್ನೇ ಬಿಡು ಅನ್ನುತ್ತಾರೆ. ನಾನು ಕಿವುಡಿಯಾಗುತ್ತೇನಾ? ಹಾಡು ಕೇಳುವುದನ್ನು ಬಿಡಬೇಕಾ?

ಉತ್ತರ: ನಿಮ್ಮ ಪತ್ರ ಓದುವಾಗ ನಾನು ಪೆನ್ನು ಹಿಡಿದು ಅಡಿಗೆರೆ ಹಾಕಿದ್ದು ನೀವು ಹಾಗೇ ಹೇಳಿ ಮುಂದೆ ಹೋದ ಒಂದು ಮಾತಿಗೆ: ಹೆಡ್‌ಫೋನ್ ಎಡಗಿವಿಗೆ ಮಾತ್ರ. ಸದ್ದು ಬರುತ್ತಿರುವುದೂ ಎಡಗಿವಿಯಲ್ಲೇ. ದಸರಾ ರಾತ್ರಿ ಕೊನೆಯ ಏಟು ಕೊಟ್ಟಿರಬಹುದು, ಆದರೆ ಆ ಕಿವಿಯನ್ನು ಎಂಟು ವರ್ಷ ದಿನಾ ಬೆಳಿಗ್ಗೆ ದಣಿಸಿದ್ದು ನಿಮ್ಮ ಕನ್ಸೋಲ್ ಮೇಲಿನ ಹೆಡ್‌ಫೋನ್ ವಾಲ್ಯೂಮಿನ ಒಂದು ಸಣ್ಣ ಗುಂಡಿ ಎಂದು ನನ್ನ ಅನುಮಾನ. ಹಾಗಿದ್ದರೆ ಅದು ಒಳ್ಳೆಯ ಸುದ್ದಿಯೇ. ಗುಂಡಿಯನ್ನು ತಿರುಗಿಸಬಹುದು.

ಮೊದಲು ನಿಮ್ಮ ದೊಡ್ಡ ಭಯಕ್ಕೆ ಉತ್ತರ. ಕಿವಿಯಲ್ಲಿ ಸದ್ದು ಬಂದ ಮಾತ್ರಕ್ಕೆ ಯಾರೂ ಕಿವುಡರಾಗುವುದಿಲ್ಲ. ಇದಕ್ಕೆ ಟಿನಿಟಸ್ ಅನ್ನುತ್ತಾರೆ. ಇದು ಕಾಯಿಲೆಯ ಹೆಸರಲ್ಲ, ಜ್ವರ ಇದ್ದ ಹಾಗೆ ಒಂದು ಲಕ್ಷಣ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ಸಂಶೋಧಕರು ಕಿವಿ ಚೆನ್ನಾಗಿದ್ದ 80 ಜನರನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಏನಾದರೂ ಕೇಳಿಸಿತಾ ಎಂದು ಕೇಳಿದರು. ನೂರಕ್ಕೆ 94ರಷ್ಟು ಜನ ಏನೋ ಒಂದು ಸದ್ದು ಕೇಳಿಸಿತು ಅಂದರು. ನೀವು ಕೆಲಸ ಮಾಡುವ ಜಾಗವೂ ಸದ್ದು ಹೀರುವ ಗೋಡೆಯ ಕೋಣೆಯೇ. ಮೈಕ್ ಸದ್ದು ಏರಿಸಿ ಇಳಿಸುವ ಫೇಡರ್ ಇಳಿಸಿ ಹೆಡ್‌ಫೋನ್ ತೆಗೆದ ಕ್ಷಣದ ಮೌನ ಊರಿನ ಬೇರೆಯವರಿಗೆ ಸಿಗುವುದಿಲ್ಲ, ಹಾಗಾಗಿ ಒಳಗಿನ ಸಣ್ಣ ಸದ್ದೂ ನಿಮಗೆ ಬೇಗ ಗಮನಕ್ಕೆ ಬರುತ್ತದೆ.

ಆದರೆ ಒಂದೇ ಕಿವಿಯಲ್ಲಿ ಐದು ತಿಂಗಳಿಂದ ಸದ್ದು ನಿಂತಿದೆ, ಗಲಾಟೆಯಲ್ಲಿ ಮಾತೂ ತಪ್ಪುತ್ತಿದೆ ಅಂದರೆ ಸುಮ್ಮನೆ ಬಿಡುವಂಥದ್ದಲ್ಲ. ಪರೀಕ್ಷೆ ಬೇಕೇ ಬೇಕು. ಅದರ ವಿವರ ಮುಂದೆ ಹೇಳುತ್ತೇನೆ.

ಸದ್ದು ಬರುವುದು ಯಾಕೆ ಎಂದು ಬೇರೆಯವರಿಗಿಂತ ನಿಮಗೆ ಬೇಗ ಅರ್ಥವಾಗುತ್ತದೆ. ಫೋನ್‌ನಲ್ಲಿ ಬಂದ ಕೇಳುಗರ ದನಿ ತೀರಾ ಸಣ್ಣಗಿದ್ದರೆ ನೀವು ಆ ಚಾನೆಲ್‌ನ ಗೇನ್ ಏರಿಸುತ್ತೀರಿ. ದನಿ ಮೇಲೆ ಬರುತ್ತದೆ, ಜೊತೆಗೆ ‘ಸ್ಸ್’ ಅನ್ನುವ ಹಿಸ್ಸೂ ಮೇಲೆ ಬರುತ್ತದೆ. ಮಿದುಳು ಮಾಡುವುದೂ ಬಹುಮಟ್ಟಿಗೆ ಇದನ್ನೇ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಕಾಕ್ಲಿಯ ಇದೆ, ಅದರೊಳಗೆ ಸುಮಾರು 15,000 ರೋಮಕೋಶಗಳಿವೆ. ಹುಟ್ಟುವಾಗ ಎಷ್ಟಿರುತ್ತವೋ ಅಷ್ಟೇ, ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಜೋರು ಸದ್ದಿಗೆ ಇವು ಮೊದಲು ಬಳಲುತ್ತವೆ, ಸುಧಾರಿಸಿಕೊಳ್ಳಲು ಪುರಸೊತ್ತು ಸಿಗದಿದ್ದರೆ ಸಾಯುತ್ತವೆ. ಅಲ್ಲಿಂದ ಬರಬೇಕಾದ ಸಿಗ್ನಲ್ ಕಡಿಮೆಯಾದಾಗ ಮಿದುಳು ಗೇನ್ ಏರಿಸುತ್ತದೆ. ಆಗ ಕೇಳುವ ಹಿಸ್ಸೇ ನಿಮ್ಮ ಜೀರುಂಡೆ.

ಜೋರು ಸದ್ದಿನ ಪೆಟ್ಟು ಮೊದಲು ಬೀಳುವುದು ಹೆಚ್ಚಾಗಿ 4,000 ಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ ಮೇಲಿನ ಸ್ಥಾಯಿಯ ಸದ್ದಿಗೆ. ಕೆಲವು ವರ್ಷದ ಹಿಂದೆ ಮಂಡ್ಯ ಕಡೆಯಿಂದ ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್ ನುಡಿಸುವವರೊಬ್ಬರು ಮಗಳ ಜೊತೆ ಶ್ರವಣ ಪರೀಕ್ಷೆಗೆ ನನ್ನ ಹತ್ತಿರ ಬಂದಿದ್ದರು. ಇಪ್ಪತ್ತು ವರ್ಷ ಸ್ಪೀಕರ್ ಮುಂದೆ ಕೂತಿದ್ದ ಕಿವಿ. ಬೂತ್‌ನಲ್ಲಿ ಕೂರಿಸಿ ಪರೀಕ್ಷೆ ಮಾಡಿದಾಗ ಕಡಿಮೆ ಸ್ಥಾಯಿಯಲ್ಲೆಲ್ಲ ಠಕ್ ಠಕ್ ಅಂತ ಬಟನ್ ಒತ್ತಿದರು. 4,000ಕ್ಕೆ ಬಂದಾಗ ನಾನು ಸದ್ದನ್ನು ಏರಿಸುತ್ತಾ ಹೋದೆ, ಗಾಜಿನ ಆ ಕಡೆ ಅವರು ಬೆರಳು ಸಿದ್ಧವಾಗಿಟ್ಟುಕೊಂಡು ಕಾಯುತ್ತಲೇ ಇದ್ದರು. ಹೊರಗೆ ಬಂದ ಮೇಲೆ ಮಾತಿಗೆ ಮಾತು ಬಂದು, ‘ಈಗ ನಮ್ಮ ಕಡೆ ಜೀರುಂಡೆಗಳೇ ಇಲ್ಲ ಮೇಡಂ, ಔಷಧಿ ಹೊಡೆದೂ ಹೊಡೆದೂ ಹೋದವು’ ಅಂದರು. ಮಗಳು ಅವರ ತೋಳು ಹಿಡಿದುಕೊಂಡು ಮೆಲ್ಲಗೆ, ‘ಈಗ್ಲೂ ಕೂಗ್ತವೆ ಅಪ್ಪಾಜಿ’ ಅಂದಳು.

ನೀವು ಇನ್ನೂ ಆ ಹಂತಕ್ಕೆ ಹೋಗಿಲ್ಲ ಎಂದುಕೊಂಡಿದ್ದೇನೆ. ಕ್ಯಾಂಟೀನ್‌ನಲ್ಲಿ ಮಾತು ತಪ್ಪುವುದಕ್ಕೂ ಇದೇ ಕಾರಣ ಇರಬಹುದು. ಮಾತಿನ ಸ್ವರಗಳು ಕೆಳಸ್ಥಾಯಿಯಲ್ಲಿರುತ್ತವೆ, ‘ಸ’, ‘ಶ’ದಂಥ ವ್ಯಂಜನಗಳು ಮೇಲಿನ ಸ್ಥಾಯಿಯಲ್ಲಿ. ಸದ್ದು ಕೇಳುತ್ತದೆ, ಪದ ತಿಳಿಯುವುದಿಲ್ಲ. ತಂಬೂರಿಯ ತಂತಿ ಕೆಳಗಿನ ದಾರ ಜೀವಾಳಿಯಿಂದ ಏಳುವ ಸಣ್ಣ ಝೇಂಕಾರ, ನಿಮ್ಮ ಬ್ಯಾಂಡ್ ಹುಡುಗರ ಡ್ರಮ್ಸ್‌ನ ಹೈ-ಹ್ಯಾಟ್ ತಾಳದ ಸದ್ದು, ಇವೂ ಮೇಲಿನ ಸ್ಥಾಯಿಯವೇ.

ಈಗ ಆ ಒಂದು ಕಿವಿಯ ಅಭ್ಯಾಸಕ್ಕೆ ಬರುತ್ತೇನೆ. ಆರ್‌ಜೆಗಳಲ್ಲಿ ಇದು ತೀರಾ ಸಾಮಾನ್ಯ, ಯಾಕೆ ಎಂದೂ ನನಗೆ ಗೊತ್ತು. ಮೈಕ್ ಫೇಡರ್ ಎತ್ತಿದ ಕೂಡಲೇ ಸ್ಟುಡಿಯೋ ಸ್ಪೀಕರ್ ಮ್ಯೂಟ್ ಆಗುತ್ತದೆ, ಹಾಗಾಗಿ ಹೆಡ್‌ಫೋನ್ ಇಲ್ಲದೆ ಹಾಡುಗಳ ನಡುವೆ ಮಾತಾಡಿ ಲಿಂಕ್ ಕೊಡಲಾಗದು. ಎದುರಿಗೆ ಅತಿಥಿ ಇದ್ದಾರೆ, ಒಂದು ಕಿವಿ ಅವರಿಗೆ. ಆದರೆ ಎರಡೂ ಕಿವಿಗೆ ಒಂದೇ ಸದ್ದು ಬಿದ್ದಾಗ ಮಿದುಳು ಎರಡನ್ನೂ ಕೂಡಿಸಿಕೊಳ್ಳುತ್ತದೆ. ಒಂದೇ ಕಿವಿಯಲ್ಲಿ ಅಷ್ಟೇ ಜೋರು ಅನ್ನಿಸಬೇಕಾದರೆ ಸುಮಾರು 6 ಡೆಸಿಬಲ್ ಏರಿಸಬೇಕಾಗುತ್ತದೆ. ಅದರ ಮೇಲೆ ಬಿಟ್ಟ ಕಿವಿಗೆ ಕೋಣೆಯ ಸದ್ದು, ಅತಿಥಿಯ ಮಾತು ಬೀಳುತ್ತಿರುತ್ತದೆ. ಅದನ್ನು ಮೀರಿಸಲು ಇನ್ನಷ್ಟು ಏರಿಸುತ್ತೀರಿ. ಕೈ ತಾನಾಗಿ ಗುಂಡಿಗೆ ಹೋಗುತ್ತದೆ, ನಿಮಗೆ ನೆನಪೂ ಇರುವುದಿಲ್ಲ.

ಆರು ಡೆಸಿಬಲ್ ಅಂದರೆ ಏನು ಮಹಾ ಅನ್ನಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ ಕೇಳುವುದು ಸುರಕ್ಷಿತ ಮಿತಿ. ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಸಮಯ ಅರ್ಧವಾಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ನಿಮ್ಮ ಲೈವ್ ಶೋ ವಾರಕ್ಕೆ 24 ಗಂಟೆ. ಅದರಲ್ಲಿ ಅರ್ಧ ಹೊತ್ತು ಹೆಡ್‌ಫೋನ್ ಕಿವಿಯ ಮೇಲಿದ್ದು, ಸದ್ದು 86 ಇದೆ ಎಂದಿಟ್ಟುಕೊಳ್ಳಿ: ಎಡಗಿವಿ ಶುಕ್ರವಾರ ಮುಗಿಯುವಷ್ಟರಲ್ಲೇ ವಾರದ ಪಾಲನ್ನೆಲ್ಲ ಖರ್ಚು ಮಾಡಿರುತ್ತದೆ. ಶನಿವಾರದ ಶೋ, ರಾತ್ರಿಯ ಎಡಿಟಿಂಗ್ ಎಲ್ಲ ಸಾಲ. ಅದೇ ಶೋವನ್ನು 80ರಲ್ಲಿ ಮಾಡಿದರೆ ನಾಲ್ಕು ಪಟ್ಟು ಸಮಯ ಸಿಗುತ್ತದೆ. ಇನ್ನು 100 ಡೆಸಿಬಲ್ ಆಸುಪಾಸಿನಲ್ಲಿ ವಾರದ ಪಾಲು ಮುಗಿಯಲು ಸುಮಾರು 20 ನಿಮಿಷ ಸಾಕು. ಸ್ಪೀಕರ್ ಪಕ್ಕ ನೀವು ನಿಂತದ್ದು ಮೂರು ಗಂಟೆ.

ಶುಕ್ರವಾರ ಗಂಟಲು ಕಟ್ಟುವುದನ್ನು ಬೇರೆ ತೊಂದರೆ ಎಂದುಕೊಂಡು ಬರೆದಿದ್ದೀರಿ. ನನಗೆ ಎರಡೂ ಒಂದೇ ಎಳೆಯಂತೆ ಕಾಣುತ್ತದೆ. ಕಿವಿಗೆ ಜೋರು ಸದ್ದು ಬೀಳುತ್ತಿರುವಾಗ ಮನುಷ್ಯ ತನಗೆ ಗೊತ್ತಿಲ್ಲದೆ ದನಿ ಏರಿಸುತ್ತಾನೆ. ಫ್ರಾನ್ಸಿನ ಕಿವಿ ವೈದ್ಯ ಲೊಂಬಾರ್ಡ್ ನೂರು ವರ್ಷಕ್ಕೂ ಹಿಂದೆ ಗುರುತಿಸಿದ ವಿಷಯ ಇದು. ದೇವರಾಜ ಮಾರುಕಟ್ಟೆ ಒಳಗೆ ಹೂವಿನವರ ಹತ್ತಿರ ನಾವೆಲ್ಲ ಮಾತಾಡುವ ರೀತಿ ನೆನಪಿಸಿಕೊಳ್ಳಿ. ನಿಮ್ಮ ಹೆಡ್‌ಫೋನ್‌ನಲ್ಲಿ ಹಾಡಿನ ಬೆಡ್ (ಮಾತಿನ ಹಿಂದೆ ಓಡುವ ಸಂಗೀತ) ಜೋರಾಗಿದ್ದರೆ ನೀವು ಅದರ ಮೇಲೆ ಮಾತಾಡುವುದಿಲ್ಲ, ಕೂಗುತ್ತೀರಿ. ಕೇಳುಗರಿಗೆ ಅದು ‘ಎನರ್ಜಿ’ ಅನ್ನಿಸಬಹುದು, ಗಂಟಲಿಗೆ ಅದು ದುಡಿತ. ನನ್ನ ಹತ್ತಿರ ದನಿ ಒಡೆದುಕೊಂಡು ಬಂದ ನಿರೂಪಕರಲ್ಲಿ ಕೆಲವರಿಗೆ ಮೊದಲು ಹೇಳಿದ್ದೇ ಹೆಡ್‌ಫೋನ್‌ನಲ್ಲಿ ಬೆಡ್ ಇಳಿಸಿ ಎಂದು. ಗಂಟಲು ಮೂರು ವಾರಕ್ಕಿಂತ ಹೆಚ್ಚು ಕಾಲ ಬಿಡದೆ ಕಟ್ಟಿದ್ದರೆ ಇಎನ್‌ಟಿ ವೈದ್ಯರು ಧ್ವನಿತಂತುಗಳನ್ನೂ ನೋಡಲಿ.

ಮನೆಯವರು ಹೇಳಿದ ಮಾತುಗಳಿಗೆ ಬರೋಣ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬೇಡ. ಕಿವಿಯ ತಮಟೆ ನೆಟ್ಟಗಿದ್ದರೆ ಎಣ್ಣೆ ಅದನ್ನು ದಾಟಿ ಒಳಗಿವಿಗೆ ಹೋಗುವುದೇ ಇಲ್ಲ. ತಮಟೆಯಲ್ಲಿ ತೂತಿದ್ದರೆ ನಡುಗಿವಿಗೆ ಇಳಿದು ಸೋಂಕು ತರಬಹುದು. ಬಿಸಿ ಎಣ್ಣೆಯಿಂದ ಕಿವಿಯೊಳಗೆ ಬೊಬ್ಬೆ ಎದ್ದವರನ್ನು ನಾನು ನೋಡಿದ್ದೇನೆ. ಅತ್ತೆಯವರ ಕಾಳಜಿ ದೊಡ್ಡದು, ಆ ಎಣ್ಣೆಯನ್ನು ಒಗ್ಗರಣೆಗೆ ಬಳಸಿಕೊಳ್ಳಲಿ. ಬ್ಲೂಟೂತ್ ಅಲೆಯಿಂದ ರೋಮಕೋಶ ಸಾಯುವುದಿಲ್ಲ. ತಂತಿ ಇರಲಿ ಇಲ್ಲದಿರಲಿ, ಕಿವಿಗೆ ಲೆಕ್ಕ ಎಷ್ಟು ಜೋರು ಮತ್ತು ಎಷ್ಟು ಹೊತ್ತು ಅನ್ನುವುದು ಮಾತ್ರ. ‘ನನ್ನ ಕಿವಿಗೆ ಅಭ್ಯಾಸವಾಗಿದೆ’ ಎಂದು ಸಂಗೀತದವರು ಹೇಳುವುದುಂಟು. ಕಿವಿಗೆ ಅಭ್ಯಾಸ ಅನ್ನುವುದಿಲ್ಲ, ಮೊದಲಿನಷ್ಟು ಜೋರು ಅನ್ನಿಸುತ್ತಿಲ್ಲ ಅಂದರೆ ಕೇಳಿಸುವುದೇ ಕಡಿಮೆಯಾಗಿರಬಹುದು. ಇನ್ನು ಜಾಹೀರಾತಿನ ಗುಳಿಗೆಗಳು. ಗಿಂಕೊ, ಸತು, ಮೆಲಟೋನಿನ್ ಇವನ್ನು ಟಿನಿಟಸ್‌ಗೆಂದು ಸಲಹೆ ಮಾಡಬಾರದು ಎಂದು ಅಮೆರಿಕದ ಇಎನ್‌ಟಿ ತಜ್ಞರ ಸಂಘ 2014ರಲ್ಲೇ ಮಾರ್ಗಸೂಚಿ ಬರೆದಿದೆ. ರಕ್ತದಲ್ಲಿ ಬಿ12 ಕಡಿಮೆ ಇದ್ದರೆ ಅದನ್ನು ಸರಿಮಾಡಿಕೊಳ್ಳಿ, ಅದು ಬೇರೆ ಮಾತು.

ಇನ್ನೊಂದು ತಪ್ಪು ತಿಳಿವಳಿಕೆ ನೀವೇ ಮಾಡಬಹುದಾದದ್ದು: ಎಲ್ಲ ಸದ್ದೂ ಬಿಟ್ಟು ಮೌನದಲ್ಲಿ ಕೂರುವುದು. ಕೆಲವರು ಹೆದರಿ ಅಂಗಡಿಗೆ ಹೋಗುವಾಗಲೂ ಕಿವಿಗೆ ಪ್ಲಗ್ ಹಾಕಿಕೊಳ್ಳುತ್ತಾರೆ. ಮಿದುಳಿಗೆ ಸಿಗ್ನಲ್ ಇನ್ನೂ ಕಡಿಮೆಯಾಗುತ್ತದೆ, ಗೇನ್ ಇನ್ನೂ ಏರುತ್ತದೆ, ಆಮೇಲೆ ತಟ್ಟೆ ಬಿದ್ದ ಸದ್ದೂ ತಡೆಯಲಾಗದು. ರಾತ್ರಿ ಮಲಗುವಾಗ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿರಲಿ, ಇಲ್ಲವೇ ಮಳೆ ಸದ್ದನ್ನು ತೀರಾ ಸಣ್ಣಗೆ ಸ್ಪೀಕರ್‌ನಲ್ಲಿ ಹಾಕಿಕೊಳ್ಳಿ. ಜೀರುಂಡೆಯನ್ನು ಮುಚ್ಚಿಹಾಕುವಷ್ಟು ಬೇಡ, ಅದರ ಪಕ್ಕದಲ್ಲಿ ಇನ್ನೊಂದು ಸದ್ದು ಇದ್ದರೆ ಸಾಕು. ಹಾಡು ಬಿಡಬೇಕಿಲ್ಲ. ಹಾಡೇ ನಿಮ್ಮ ಉಸಿರು ಎಂದು ಪತ್ರದ ಪ್ರತಿ ಸಾಲಿನಲ್ಲೂ ಕಾಣುತ್ತದೆ.

ಪರೀಕ್ಷೆಯ ವಿಷಯ. ಮೊದಲು ಇಎನ್‌ಟಿ ವೈದ್ಯರ ಹತ್ತಿರ ಹೋಗಿ ಕಿವಿ ತೋರಿಸಿ. ಎಷ್ಟೋ ಸಲ ಗುಗ್ಗೆ ಗಟ್ಟಿಯಾಗಿ ಕೂತಿರುತ್ತದೆ, ತೆಗೆದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಒಂದೇ ಕಿವಿಯ ಸದ್ದಾದ್ದರಿಂದ ಅವರು ಬೇಕೆನಿಸಿದರೆ ಎಂಆರ್‌ಐ ಹೇಳಬಹುದು. ಕಿವಿಯ ನರದ ಮೇಲೆ ಗಂಟು ಇಲ್ಲ ಎಂದು ಖಚಿತ ಮಾಡಿಕೊಳ್ಳಲು ಅದು. ಅಂಥ ಗಂಟು ಬಹಳ ಅಪರೂಪ, ಹೇಳಿದ ಕೂಡಲೇ ಗಾಬರಿಯಾಗಬೇಡಿ. ಆಮೇಲೆ ಶ್ರವಣ ಪರೀಕ್ಷೆ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಶುರುವಾದದ್ದು, ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ನಿಮಗೆ ಅದು ಊರೊಳಗೇ ಇದೆ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ನಡೆಸಿ, ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದದ್ದೂ ಇದೇ ಮೈಸೂರಿನಲ್ಲಿ. ಮಾತಾಡುವವರಿಗೂ ಕೇಳುವವರಿಗೂ ಇಷ್ಟು ಒದಗಿ ಬಂದ ಊರು ಇನ್ನೊಂದಿಲ್ಲ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಪರೀಕ್ಷೆಗೆ ಸೋಮವಾರ ಬೆಳಿಗ್ಗೆ ರಜೆ ಹಾಕಿ ಹೋಗಿ, ಭಾನುವಾರ ಇಯರ್‌ಫೋನ್ ಮುಟ್ಟಬೇಡಿ. ಕೊನೇಪಕ್ಷ 14 ಗಂಟೆ ಕಿವಿ ಜೋರು ಸದ್ದಿನಿಂದ ದೂರ ಇದ್ದರೆ, ತಾತ್ಕಾಲಿಕ ದಣಿವು ಕಳೆದು ನಿಜವಾದ ಸ್ಥಿತಿ ಗೊತ್ತಾಗುತ್ತದೆ. ಕೊಡುವ ನಕ್ಷೆಯಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರದ ಗುರುತು ಇರುತ್ತದೆ. ನೀಲಿ ಗೆರೆ 4,000ದ ಹತ್ತಿರ ಹಳ್ಳಕ್ಕೆ ಬಿದ್ದು 8,000ದ ಹೊತ್ತಿಗೆ ಮತ್ತೆ ಮೇಲೇರಿದ್ದರೆ, ಅದು ಸದ್ದಿನ ಪೆಟ್ಟಿನ ಗುರುತು. ಗೆರೆ ಪೂರ್ತಿ ನೆಟ್ಟಗಿದ್ದರೂ ‘ಏನೂ ಇಲ್ಲ’ ಎಂದು ಎದ್ದು ಬರಬೇಡಿ. ರೋಮಕೋಶಗಳು ಚುರುಕಾಗಿವೆಯೇ ಎಂದು ನೋಡುವ ಒಎಇ ಪರೀಕ್ಷೆಯನ್ನೂ 8,000ಕ್ಕಿಂತ ಮೇಲಿನ ಸ್ಥಾಯಿಯ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಗಲಾಟೆಯಲ್ಲಿ ಮಾತು ಎಷ್ಟು ತಿಳಿಯುತ್ತದೆ ಎಂದು ನೋಡುವ ಪರೀಕ್ಷೆಯೂ ಇದೆ, ನಿಮ್ಮ ಕ್ಯಾಂಟೀನ್ ದೂರಿಗೆ ಅದೇ ಸರಿ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಯಾವತ್ತಾದರೂ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ಅದು ತುರ್ತು, ತಲೆಸುತ್ತು ಜೊತೆಗೆ ಬಂದರಂತೂ ಇನ್ನೂ. ಗುಗ್ಗೆ ಇರಬೇಕು, ನೆಗಡಿ ಇರಬೇಕು ಎಂದು ವಾರ ಕಳೆದು ಬಂದವರಿಗೆ ಚಿಕಿತ್ಸೆಯ ಒಳ್ಳೆಯ ಸಮಯ ಜಾರಿಹೋಗಿರುತ್ತದೆ. ಅದೇ ದಿನ, ತಪ್ಪಿದರೆ ಮಾರನೇ ದಿನ ವೈದ್ಯರ ಮುಂದಿರಬೇಕು. ನಾಡಿ ಬಡಿದ ಹಾಗೆ ಲಯದಲ್ಲಿ ಸದ್ದು ಬಂದರೂ ತೋರಿಸಿ.

ಕೆಲಸ ಬಿಡುವ ಮಾತು. ನನ್ನ ಸಲಹೆ: ಬಿಡಬೇಡಿ, ಬದಲಿಸಿ. ಎರಡೂ ಕಿವಿಗೆ ಹೆಡ್‌ಫೋನ್ ಹಾಕಿ, ಗುಂಡಿ ಇಳಿಸಿ. ಅತಿಥಿಯ ಮೈಕ್ ಕನ್ಸೋಲ್‌ಗೆ ಬಂದೇ ಬರುತ್ತದೆ, ಅವರ ದನಿಯೂ ಹೆಡ್‌ಫೋನ್‌ನಲ್ಲೇ ಕೇಳುತ್ತದೆ. ಹಾಡು ಹೋಗುವಾಗ ಅವರ ಜೊತೆ ಹರಟಬೇಕಾದರೆ ಪೂರ್ತಿ ತೆಗೆದು ಕೊರಳಿಗೆ ಹಾಕಿಕೊಳ್ಳಿ. ಮೊದಲ ಎರಡು ವಾರ ಸಪ್ಪೆ ಅನ್ನಿಸುತ್ತದೆ, ದನಿಯಲ್ಲಿ ಜೋಶ್ ಇಲ್ಲ ಅನ್ನಿಸಬಹುದು. ಹಳೆಯ ಮತ್ತು ಹೊಸ ರೆಕಾರ್ಡಿಂಗ್ ಎರಡನ್ನೂ ಪಕ್ಕಪಕ್ಕ ಕೇಳಿ ನೋಡಿ, ಆಮೇಲೆ ತೀರ್ಮಾನಿಸಿ. ಶಿಫ್ಟ್ ಬದಲಾದಾಗ ಹಿಂದಿನವರು ವಾಲ್ಯೂಮ್ ತುತ್ತತುದಿಗೆ ಬಿಟ್ಟು ಹೋಗಿರುತ್ತಾರೆ, ಹಾಗಾಗಿ ಗುಂಡಿ ಸೊನ್ನೆಗೆ ಇಳಿಸಿದ ಮೇಲೇ ಹೆಡ್‌ಫೋನ್ ತಲೆಗೆ. ಹೊಸ ಹೆಡ್‌ಫೋನ್ ತಂದಾಗಲೂ ಇದೇ ಎಚ್ಚರ ಇರಲಿ. ಓಮ್ (ವಿದ್ಯುತ್ ತಡೆಯ ಅಳತೆ) ಕಡಿಮೆ ಇದ್ದದ್ದು ಅದೇ ಗುರುತಿನಲ್ಲಿ ಹೆಚ್ಚು ಜೋರಾಗಿ ಹೊಡೆಯಬಹುದು. ಹೆಡ್‌ಫೋನ್ ಲೈನ್‌ಗೆ ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಹಾಕಿಕೊಡಲು ನಿಮ್ಮ ಎಂಜಿನಿಯರ್‌ಗೆ ಹೇಳಿ. ಇದು ನಿಮ್ಮೊಬ್ಬರಿಗಲ್ಲ, ಎಲ್ಲ ಆರ್‌ಜೆಗಳಿಗೂ ಬೇಕಾದದ್ದು ಎಂದು ಹೇಳಿ ಕೇಳಿದರೆ ಕೆಲಸ ಸಲೀಸು.

ರಾತ್ರಿಯ ಎಡಿಟಿಂಗ್‌ನಲ್ಲಿ ಮಾತು ಕತ್ತರಿಸುವ ಭಾಗವನ್ನಾದರೂ ಸಣ್ಣ ಸ್ಪೀಕರ್‌ನಲ್ಲಿ ಮಾಡಿ, ಕೊನೆಯ ಮಿಕ್ಸ್ ನೋಡಲು ಮಾತ್ರ ಹೆಡ್‌ಫೋನ್. ಬಸ್ಸಿನಲ್ಲಿ ಓಡಾಡುವಾಗ ಹಾಡು ಕೇಳುವುದಾದರೆ ನಾಯ್ಸ್ ಕ್ಯಾನ್ಸಲಿಂಗ್ ಇರುವುದು ಒಳ್ಳೆಯದು, ಎಂಜಿನ್ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುವುದು ತಪ್ಪುತ್ತದೆ. ರಸ್ತೆಯಲ್ಲಿ ನಡೆಯುವಾಗ, ಸ್ಕೂಟರ್ ಮೇಲೆ ಅದು ಬೇಡವೇ ಬೇಡ.

ಕಛೇರಿ, ಬ್ಯಾಂಡ್, ದಸರಾ ಕಾರ್ಯಕ್ರಮ ಎಲ್ಲಕ್ಕೂ ಹೋಗಿ. ಹತ್ತಿ ಉಂಡೆ ಕೆಲಸಕ್ಕೆ ಬಾರದು. ಮೆಡಿಕಲ್ ಸ್ಟೋರ್‌ನ ಫೋಮ್ ಪ್ಲಗ್ ಕಿವಿ ಕಾಯುತ್ತದೆ, ಆದರೆ ಮೇಲಿನ ಸ್ಥಾಯಿಯನ್ನೇ ಹೆಚ್ಚು ತಗ್ಗಿಸುವುದರಿಂದ ಹಾಡು ಕಂಬಳಿ ಹೊದ್ದ ಹಾಗೆ ಕೇಳುತ್ತದೆ, ಸಂಗೀತದವರು ಹತ್ತು ನಿಮಿಷಕ್ಕೆ ಕಿತ್ತುಹಾಕುತ್ತಾರೆ. ನಿಮ್ಮ ಕಿವಿಯ ಅಚ್ಚು ತೆಗೆದು ಮಾಡುವ ಸಂಗೀತಗಾರರ ಪ್ಲಗ್ ಸಿಗುತ್ತದೆ, ಎಲ್ಲ ಸ್ಥಾಯಿಯನ್ನೂ ಹೆಚ್ಚುಕಡಿಮೆ ಒಂದೇ ಸಮ 15 ಡೆಸಿಬಲ್ ತಗ್ಗಿಸುತ್ತದೆ. ಬೆಲೆ ಜಾಸ್ತಿಯೇ, ಆದರೆ ನಿಮ್ಮ ಕೆಲಸದವರಿಗೆ ಅದು ಖರ್ಚಲ್ಲ, ಉಪಕರಣ. ಪ್ಲಗ್ ಇದೆ ಎಂದು ಸ್ಪೀಕರ್ ಬುಡಕ್ಕೆ ಹೋಗಿ ನಿಲ್ಲಬೇಡಿ. ಸೌಂಡ್ ಮಿಕ್ಸರ್ ಇಟ್ಟ ಕಡೆ ನಿಲ್ಲಿ, ಹಾಡು ಚೆನ್ನಾಗಿ ಕೇಳುವುದೂ ಅಲ್ಲೇ.

ಇಷ್ಟು ಮಾಡಿದರೂ ಜೀರುಂಡೆ ಪೂರ್ತಿ ಹೋಗುತ್ತದೆ ಎಂದು ನಾನು ಮಾತು ಕೊಡಲಾರೆ. ಹಲವರಿಗೆ ಅದು ಇರುತ್ತದೆ, ಆದರೆ ಗಮನದಿಂದ ಜಾರುತ್ತದೆ, ಗೋಡೆ ಗಡಿಯಾರದ ಟಿಕ್ ಟಿಕ್ ಹಾಗೆ. ನಿದ್ದೆ ಕೆಡುವಷ್ಟು, ಮನಸ್ಸು ಕುಗ್ಗುವಷ್ಟು ಕಾಡಿದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಆಪ್ತ ಸಮಾಲೋಚನೆಯಿಂದ ನಿಜವಾದ ಲಾಭ ಇದೆ. ಪರೀಕ್ಷೆಯಲ್ಲಿ ಕೇಳುವಿಕೆ ಇಳಿದಿದ್ದರೆ ಸಣ್ಣ ಶ್ರವಣ ಸಾಧನವೂ ಹಿಸ್ಸನ್ನು ಹಿಂದೆ ಸರಿಸಬಲ್ಲದು. 31ಕ್ಕೇ ಮಷಿನ್ನಾ ಎಂದು ನಾಚಿಕೆಪಡಬೇಡಿ, ಕನ್ನಡಕ ಹಾಕಿದವರನ್ನು ನಾವು ಹಾಗೆ ಕೇಳುವುದಿಲ್ಲ.

ಪರೀಕ್ಷೆಗೆ ಬರುವಾಗ ಅಮ್ಮನನ್ನೂ ಕರೆತನ್ನಿ. ಮನೆಯಲ್ಲಿ ಟಿವಿ ಎಷ್ಟು ಜೋರಿಡುತ್ತೀರಿ, ಯಾವ ಕಡೆಯಿಂದ ಕರೆದರೆ ಓಗೊಡುವುದಿಲ್ಲ ಅನ್ನುವುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಕೆಲಸ ಬಿಡಬೇಕಿಲ್ಲ ಎಂದು ಅವರಿಗೆ ಎದುರಿಗೇ ವಿವರಿಸಬಹುದು. ಜೊತೆಗೆ ಸ್ಟುಡಿಯೋದಲ್ಲಿ ದಿನಾ ಹಾಕುವ ಆ ಹೆಡ್‌ಫೋನನ್ನೂ ತನ್ನಿ. ಗುಂಡಿ ಮಾಮೂಲು ಎಲ್ಲಿರುತ್ತದೆ ಎಂದು ಫೋನ್‌ನಲ್ಲಿ ಒಂದು ಫೋಟೋ ತೆಗೆದುಕೊಂಡು ಬನ್ನಿ, ಅಲ್ಲಿಂದ ಶುರು ಮಾಡೋಣ.